ಅಟ್ಟದಲ್ಲಿ ಸಿಕ್ಕ ತಂತಿ ಯಂತ್ರ ಮತ್ತೆ ಮಾತಾಡುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ ತಂತಿ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಹಿತ್ತಾಳೆಯ ಎರಡು ಉಪಕರಣ ಸಿಕ್ಕಿವೆ. ಒಂದಕ್ಕೆ ಕಪ್ಪು ಗುಬುಟಿನ ಹಿಡಿ ಇದೆ. ಇನ್ನೊಂದರಲ್ಲಿ ದಾರ ಸುತ್ತಿದಂಥ ಎರಡು ಸುರುಳಿ, ಅವುಗಳ ಮೇಲೆ ಅಡ್ಡಲಾಗಿ ಹಿತ್ತಾಳೆಯ ಸನ್ನೆ. 9 ವೋಲ್ಟ್ ಬ್ಯಾಟರಿ ಮುಟ್ಟಿಸಿದರೆ ಸನ್ನೆ ಒಮ್ಮೆ ಟಕ್ ಎಂದು ಕೂತು ಅಲ್ಲೇ ಅಂಟಿಕೊಳ್ಳುತ್ತದೆ, ಬ್ಯಾಟರಿ ತೆಗೆದರೂ ಏಳುವುದಿಲ್ಲ. ಸಿನಿಮಾದಲ್ಲಿ ಕೇಳುವ ಬೀಪ್ ಸದ್ದೂ ಬರುವುದಿಲ್ಲ. ಇದನ್ನು ಸರಿಮಾಡಬಹುದೆ? ಇಷ್ಟು ಚಿಕ್ಕ ಯಂತ್ರ ಬೆಂಗಳೂರಿಂದ ಮುಂಬೈಗೆ ಸುದ್ದಿ ಮುಟ್ಟಿಸಿದ್ದು ಹೇಗೆ? ಕನ್ನಡದಲ್ಲಿ ತಂತಿ ಕೊಡಲು ಆಗುತ್ತಿತ್ತೆ?

ಉತ್ತರ: ಸನ್ನೆ ಒಮ್ಮೆಯಾದರೂ ಕೂತಿತು ಅಂದರೆ ಸುರುಳಿ ಬದುಕಿದೆ. ಅರ್ಧ ಕೆಲಸ ಮುಗಿದ ಹಾಗೇ. ಉಳಿದದ್ದು ಹೊಂದಾಣಿಕೆ ಮಾತ್ರ. ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್, ಒಂದು ಸಂಜೆಯ ಬಿಡುವು ಸಾಕು.

ಗುಬುಟು ಇರುವುದು ಕೀ, ಸಂಕೇತ ಕಳಿಸುವುದು. ಸುರುಳಿಗಳಿರುವುದು ಸೌಂಡರ್, ಬಂದ ಸಂಕೇತವನ್ನು ಸದ್ದಾಗಿ ಕೇಳಿಸುವುದು. ಬೀಪ್ ಸದ್ದು ಈ ಯಂತ್ರದ್ದಲ್ಲ, ಅದು ರೇಡಿಯೋ ಕಾಲದ್ದು. ಸೌಂಡರ್ ಮಾಡುವುದು ಎರಡೇ ಸದ್ದು: ಸನ್ನೆ ಕೆಳಗೆ ಬಡಿದಾಗ ಒಂದು, ಮೇಲೆದ್ದು ಮೇಲಿನ ತಡೆಗೆ ಬಡಿದಾಗ ಇನ್ನೊಂದು. ಕೆಳಗಿನದು ಗಟ್ಟಿ, ಮೇಲಿನದು ಸ್ವಲ್ಪ ಹಗುರ. ಟಿಕ್, ಟಕ್ ಅಂತಿಟ್ಟುಕೊಳ್ಳಿ. ತಂತಿ ಗುಮಾಸ್ತ ಕೇಳುತ್ತಿದ್ದುದು ಸದ್ದನ್ನಲ್ಲ, ಈ ಎರಡು ಸದ್ದುಗಳ ನಡುವಿನ ಮೌನದ ಅಳತೆಯನ್ನು. ತಂತಿಯ ಭಾಷೆ ಮೋರ್ಸ್ ಸಂಕೇತ, ಅದರಲ್ಲಿ ಪ್ರತಿ ಅಕ್ಷರವನ್ನೂ ಚುಕ್ಕಿ, ಗೆರೆಗಳಲ್ಲಿ ಹೇಳುತ್ತಾರೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕಿಯ ಅವಧಿ 60 ಮಿಲಿಸೆಕೆಂಡ್, ಒಂದು ಗೆರೆ ಅದರ ಮೂರು ಪಟ್ಟು, ಅಂದರೆ 180 ಮಿಲಿಸೆಕೆಂಡ್. ಇ ಅಕ್ಷರಕ್ಕೆ ಒಂದು ಚುಕ್ಕಿ, ಟಿ ಅಕ್ಷರಕ್ಕೆ ಒಂದು ಗೆರೆ. ಎರಡರಲ್ಲೂ ಒಂದೇ ಟಿಕ್, ಒಂದೇ ಟಕ್. ವ್ಯತ್ಯಾಸವಿರುವುದು ನಡುವಿನ ಬಿಡುವಿನಲ್ಲಿ ಮಾತ್ರ. ಮೇಲಿನ ಟಕ್ ಸರಿಯಾಗಿ ಕೇಳದಿದ್ದರೆ ಇ ಯಾವುದು, ಟಿ ಯಾವುದು ಎಂದು ಹೇಳಲು ಯಾವ ಪ್ರವೀಣನಿಗೂ ಆಗದು. ನಿಮ್ಮ ಸನ್ನೆ ಮೇಲೇಳದೆ ಅಂಟಿಕೊಂಡಿದೆ ಅಂದರೆ ಅದರ ಅರ್ಧ ಮಾತು ನಿಂತಿದೆ ಎಂದರ್ಥ.

ರಿಪೇರಿಗೆ ಕೈ ಹಾಕುವ ಮುಂಚೆ ಒಂದು ಎಚ್ಚರಿಕೆ. ಹಿತ್ತಾಳೆ ಕಂಡ ಕೂಡಲೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹುಡುಕುತ್ತಾರೆ. ದಯವಿಟ್ಟು ಬೇಡ. ಹುಣಸೆಯ ಹುಳಿ ಸನ್ನೆಯಿಂದ ಜಾರಿ ಸುರುಳಿಗೆ ಇಳಿದರೆ, ರೇಷ್ಮೆ ಇಲ್ಲವೆ ಹತ್ತಿ ನೂಲು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿಯನ್ನು ತಿಂಗಳೊಪ್ಪತ್ತಿನಲ್ಲಿ ತಿಂದು ಹಾಕುತ್ತದೆ. ಅಂಗಡಿಯ ಪಾಲಿಶ್ ಕೂಡ ಬೇಡ. ಅದರ ಪುಡಿ ಸನ್ನೆ ಆಡುವ ತಿರುಗಣೆಯೊಳಗೆ ಸೇರಿ ಮರಳಿನಂತೆ ಉಜ್ಜುತ್ತದೆ. ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ, ಮೆದು ಬಟ್ಟೆಯಲ್ಲಿ ಒರೆಸಿ, ಅಷ್ಟೆ. ಕಂದುಬಣ್ಣ ಇರಲಿ, ಅದು ಯಂತ್ರದ ವಯಸ್ಸು. ತಳದ ಮರದ ಹಲಗೆಯ ಮೇಲೋ ಹಿತ್ತಾಳೆಯ ಮೇಲೋ ಅಚ್ಚೊತ್ತಿದ ಅಕ್ಷರ, ಸಂಖ್ಯೆ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಭಾರತದ ತಂತಿ ಇಲಾಖೆಗೆ ಕೋಲ್ಕತ್ತದ ಅಲಿಪುರದಲ್ಲಿ ಸ್ವಂತ ಕಾರ್ಖಾನೆ ಇತ್ತು. ರೈಲ್ವೆ ನಿಲ್ದಾಣಗಳೂ ಇಂಥವೇ ಯಂತ್ರ ಬಳಸುತ್ತಿದ್ದವು. ಆ ಗುರುತುಗಳಿಂದಲೇ ಇದು ಎಲ್ಲಿಯದು ಎಂದು ಹೇಳಲು ಸಾಧ್ಯ.

ಈಗ ಮಲ್ಟಿಮೀಟರ್. ಸೌಂಡರಿನ ಎರಡು ತಿರುಪುಗಳ ನಡುವೆ ಓಮ್, ಅಂದರೆ ಕರೆಂಟಿಗಿರುವ ಪ್ರತಿರೋಧ, ಅಳೆಯಿರಿ. 4 ಓಮ್ ಆಸುಪಾಸು, 20 ಓಮ್ ಆಸುಪಾಸು, ನೂರು ದಾಟಿದ್ದು, ಹೀಗೆ ಮೂರು ಬಗೆ ಸಾಮಾನ್ಯ. ಮೊದಲೆರಡು ಮೇಜಿನ ಮೇಲಿನ ಸ್ಥಳೀಯ ಸರ್ಕ್ಯೂಟಿನವು, ಮೂರನೆಯದು ನೇರ ಲೈನಿಗೆ ಸೇರಿಸುವಂಥದ್ದು. ಎರಡು ಸುರುಳಿಗಳನ್ನು ಬೇರೆ ಬೇರೆಯಾಗಿಯೂ ಅಳೆದು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ತೀರಾ ಕಡಿಮೆ ತೋರಿಸಿದರೆ ಒಳಗೆ ಸುತ್ತುಗಳು ಒಂದಕ್ಕೊಂದು ತಗುಲಿವೆ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಹತ್ತರಲ್ಲಿ ಒಂಬತ್ತು ಸಲ ಅದು ತುಂಡಾಗುವುದು ಸುರುಳಿಯಿಂದ ಹೊರಬಂದು ತಿರುಪಿಗೆ ಬೆಸುಗೆಯಾಗುವ ಅರ್ಧ ಇಂಚಿನ ಜಾಗದಲ್ಲೇ, ಹಾಗಾಗಿ ಸುರುಳಿ ಬಿಚ್ಚುವ ಮುಂಚೆ ಅಲ್ಲಿ ನೋಡಿ. ಕೊನೆಗೆ ಸುರುಳಿಗೂ ನಡುವಿನ ಕಬ್ಬಿಣಕ್ಕೂ ನಡುವೆ ಅಳೆಯಿರಿ. ಅಲ್ಲಿ ಓಮ್ ಲಕ್ಷಗಟ್ಟಲೆ ಇರಬೇಕು. ಕಡಿಮೆ ಇದ್ದರೆ ನೂಲು ತೇವ ಹೀರಿದೆ. ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಡಬ್ಬಿಯಲ್ಲಿ ಹಾಕಿ ವಾರ ಬಿಡಿ. ಓವನ್ನಿಗೆ ಇಡಬೇಡಿ, ನೂಲು ಸುಟ್ಟು ಪುಡಿಯಾಗುತ್ತದೆ.

ಅಂಟಿಕೊಳ್ಳುವ ತೊಂದರೆಗೆ ಕಾರಣ ಇದು. ಸುರುಳಿಯ ನಡುವಿನ ಕಬ್ಬಿಣ ಎಷ್ಟೇ ಮೆದುವಾಗಿದ್ದರೂ ಕರೆಂಟು ನಿಂತ ಮೇಲೆ ಒಂದಿಷ್ಟು ಅಯಸ್ಕಾಂತತನ ಉಳಿಯುತ್ತದೆ. ಸನ್ನೆಗೆ ಹೊಂದಿಸಿದ ಕಬ್ಬಿಣದ ಪಟ್ಟಿ, ಅಂದರೆ ಆರ್ಮೇಚರ್, ಆ ಕಬ್ಬಿಣಕ್ಕೆ ನೇರವಾಗಿ ತಗುಲಿದರೆ ಆ ಶೇಷ ಶಕ್ತಿಯೇ ಅದನ್ನು ಹಿಡಿದಿಟ್ಟುಕೊಳ್ಳಲು ಸಾಕು. ಹಾಗಾಗಿ ಅವೆರಡೂ ಎಂದೂ ಮುಟ್ಟಬಾರದು. ನಿಮ್ಮ ಯಂತ್ರದಲ್ಲಿ ಕೆಳಗಿನ ತಡೆ ತಿರುಪು ಸಡಿಲಾಗಿ ಸನ್ನೆ ತುಂಬ ಕೆಳಗಿಳಿದಿದೆ, ಜತೆಗೆ ಸ್ಪ್ರಿಂಗ್ ಕೂಡ ಸೋತಿರಬೇಕು.

ಸರಿಪಡಿಸುವುದು ಹೀಗೆ. ಮೊದಲು ಸ್ಪ್ರಿಂಗಿನ ಬಿಗಿತ ಪೂರ್ತಿ ಸಡಿಲಿಸಿ. ಆರ್ಮೇಚರ್ ಮತ್ತು ಸುರುಳಿಯ ಕಬ್ಬಿಣದ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ಬೆರಳಲ್ಲಿ ಸನ್ನೆ ಒತ್ತಿ ಹಿಡಿದು, ಕೆಳಗಿನ ತಡೆ ತಿರುಪು ತನ್ನ ಅಡಿಗಲ್ಲಿಗೆ ಆಗಷ್ಟೇ ತಗಲುವ ತನಕ ತಿರುಗಿಸಿ, ಅದರ ಲಾಕ್ ನಟ್ ಬಿಗಿ ಮಾಡಿ. ಕಾರ್ಡ್ ಎಳೆದರೆ ತುಸು ಉಜ್ಜಿಕೊಂಡು ಹೊರಬರಬೇಕು. ಆಮೇಲೆ ಮೇಲಿನ ತಡೆ ತಿರುಪನ್ನು, ಸನ್ನೆಯ ತುದಿ ಅರ್ಧದಿಂದ ಒಂದು ಮಿಲಿಮೀಟರ್ ಆಡುವಷ್ಟು ಮಾತ್ರ ಜಾಗ ಬಿಟ್ಟು ನಿಲ್ಲಿಸಿ. ಆಟ ಜಾಸ್ತಿಯಾದರೆ ಸದ್ದೇನೋ ಜೋರು, ಆದರೆ ವೇಗ ಹೋಗುತ್ತದೆ. ಕೊನೆಯಲ್ಲಿ ಸ್ಪ್ರಿಂಗ್: ಸನ್ನೆ ತಾನಾಗಿ ಮೇಲೇಳುವಷ್ಟು ಬಿಗಿ ಮಾಡಿ, ಮೇಲೆ ಕಾಲು ಸುತ್ತು ಕೊಡಿ. ತಿರುಗಣೆಯ ಎರಡು ತುದಿ ತಿರುಪುಗಳೂ ಹದವಾಗಿರಲಿ. ಸನ್ನೆ ಅಕ್ಕಪಕ್ಕ ಅಲುಗಬಾರದು, ಮೇಲೆ ಕೆಳಗೆ ತಡೆಯಿಲ್ಲದೆ ಬೀಳಬೇಕು. ಗಡಿಯಾರದ ಎಣ್ಣೆ ಸೂಜಿಮೊನೆಯಲ್ಲಿ ಒಂದು ಹನಿ. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ.

9 ವೋಲ್ಟ್ ಬ್ಯಾಟರಿಯನ್ನು ಪಕ್ಕಕ್ಕಿಡಿ. ಸೌಂಡರಿಗೆ ಬೇಕಾದದ್ದು ಇಂತಿಷ್ಟು ಕರೆಂಟು. 4 ಓಮಿನದಕ್ಕೆ ಸುಮಾರು 250 ಮಿಲಿಆಂಪ್, 20 ಓಮಿನದಕ್ಕೆ ಸುಮಾರು 100, ನೂರೈವತ್ತು ಓಮಿನದಕ್ಕೆ 40–50. ಅಂದರೆ ಮೊದಲನೆಯದಕ್ಕೆ ಒಂದು ಟಾರ್ಚ್ ಸೆಲ್ ಸಾಕು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕೈದು. ಒಂದು ಸೆಲ್ಲಿನಿಂದ ಶುರುಮಾಡಿ ಒಂದೊಂದೇ ಸೇರಿಸುತ್ತಾ ಹೋಗಿ, ಸನ್ನೆ ಖಚಿತವಾಗಿ ಬಡಿಯಲು ಶುರುವಾದ ಮೇಲೆ ನಿಲ್ಲಿಸಿ. ಹೆಚ್ಚು ಕೊಟ್ಟಷ್ಟೂ ಕಬ್ಬಿಣದಲ್ಲಿ ಶೇಷ ಹೆಚ್ಚು, ಅಂಟುವುದೂ ಹೆಚ್ಚು.

ಕೀಯನ್ನು ತಿರುಗಿಸಿ ನೋಡಿ. ಬ್ರಿಟಿಷ್ ಮಾದರಿಯದಾದರೆ ಮೂರು ತಿರುಪು ಇರುತ್ತವೆ: ಮಧ್ಯದ್ದು ಸನ್ನೆಗೆ, ಮುಂದಿನದು ಒತ್ತಿದಾಗ ತಗಲುವ ಬಿಂದುವಿಗೆ, ಹಿಂದಿನದು ಬಿಟ್ಟಾಗ ತಗಲುವ ಬಿಂದುವಿಗೆ. ಮಧ್ಯಕ್ಕೆ ಲೈನು, ಮುಂದಕ್ಕೆ ಬ್ಯಾಟರಿ, ಹಿಂದಕ್ಕೆ ಸೌಂಡರ್. ಕೈ ಬಿಟ್ಟಿರುವಾಗ ಲೈನು ತಾನಾಗಿಯೇ ನಿಮ್ಮ ಸೌಂಡರಿಗೆ ಸೇರಿರುತ್ತದೆ, ನೀವು ಕೇಳುವವರು. ಒತ್ತಿದ ಕ್ಷಣ ಬ್ಯಾಟರಿಗೆ ಸೇರುತ್ತದೆ, ನೀವು ಹೇಳುವವರು. ಬೇರೆ ಸ್ವಿಚ್ಚೇ ಬೇಡ. ಈ ಜಾಣತನ ನನಗೆ ಯಾವತ್ತೂ ಇಷ್ಟ. ಮುಂದಿನದು ಹಿಂದಿನದು ಅದಲುಬದಲಾದರೆ ಎಲ್ಲ ತಲೆಕೆಳಗು: ಒತ್ತದೇ ಇದ್ದಾಗ ಲೈನಿನ ಆ ತುದಿಯ ಸೌಂಡರಿನ ಸನ್ನೆ ಕೂತಿರುತ್ತದೆ, ಒತ್ತಿದಾಗ ಏಳುತ್ತದೆ. ಬಿಂದುಗಳು ಹೆಚ್ಚಾಗಿ ಪ್ಲಾಟಿನಮ್‌ನವು, ಅವುಗಳಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ಗಟ್ಟಿ ಬಿಳಿ ಕಾಗದದ ಪಟ್ಟಿಯನ್ನು ನಡುವೆ ಇಟ್ಟು, ಕೀ ಒತ್ತಿಹಿಡಿದು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವ ತನಕ ನಾಲ್ಕಾರು ಸಲ ಮಾಡಿದರೆ ಸಾಕು.

ಕೀ ಬಿಡುವಾಗ ಕಿಡಿ ಕಂಡರೆ ಅದು ಸುರುಳಿ ಹಿಂತಿರುಗಿ ಎಸೆಯುವ ವೋಲ್ಟೇಜು. ಎಲೆಕ್ಟ್ರಾನಿಕ್ಸ್ ಗೊತ್ತಿದ್ದವರು ಕೂಡಲೆ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಹಾಕಿ ಅನ್ನುತ್ತಾರೆ. ಹಾಕಿದರೆ ಕಿಡಿ ನಿಲ್ಲುತ್ತದೆ, ಜತೆಗೆ ಸುರುಳಿಯ ಕರೆಂಟು ನಿಧಾನ ಇಳಿದು ಸನ್ನೆ ತಡವಾಗಿ ಏಳುತ್ತದೆ, ಆ ಅಮೂಲ್ಯ ಟಕ್ ಮಂಕಾಗುತ್ತದೆ. ಅದರ ಬದಲು ಸುರುಳಿಗೆ ಸಮಾನಾಂತರವಾಗಿ ಅದರ ಇಪ್ಪತ್ತು ಪಟ್ಟು ಓಮಿನ ರೆಸಿಸ್ಟರ್ ಹಾಕಿ; 20 ಓಮಿನ ಸುರುಳಿಗೆ 390 ಅಥವಾ 470. ಬ್ರಿಟಿಷ್ ಅಂಚೆ ಇಲಾಖೆಯ ಸೌಂಡರುಗಳಲ್ಲಿ ಇಂಥ ರೆಸಿಸ್ಟರನ್ನು ಕೂರಿಸಿಯೇ ಕೊಡುತ್ತಿದ್ದರು. ನಿಮ್ಮದರ ಹಲಗೆಯ ಅಡಿಯಲ್ಲೂ ಇದೆಯೇ ನೋಡಿ.

ಸದ್ದು ಸಣ್ಣದೆನಿಸಿದರೆ ಬ್ಯಾಟರಿ ಏರಿಸಬೇಡಿ, ಯಂತ್ರದ ಹಿಂದೆ ಖಾಲಿ ಬಿಸ್ಕತ್ ಡಬ್ಬಿ ಆನಿಸಿಡಿ. ಅಮೆರಿಕದ ತಂತಿ ಗುಮಾಸ್ತರು ತಂಬಾಕಿನ ತಗಡಿನ ಡಬ್ಬಿ ಸಿಕ್ಕಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಹತ್ತು ಸೌಂಡರು ಒಟ್ಟಿಗೆ ಬಡಿಯುವ ಕೋಣೆಯಲ್ಲಿ ತನ್ನದರ ದನಿ ಯಾವುದೆಂದು ಗುರುತಿಸಲೂ ಅದು ನೆರವಾಗುತ್ತಿತ್ತು.

ಇನ್ನು ದೂರದ ಪ್ರಶ್ನೆ. ನಿಮ್ಮ ಸೌಂಡರ್ ಬೆಂಗಳೂರಿಂದ ಮುಂಬೈಗೆ ಸುದ್ದಿ ಮುಟ್ಟಿಸಲಿಲ್ಲ. ಮೇಜಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸಿತು, ಅಷ್ಟೆ. ದೂರವನ್ನು ಗೆದ್ದದ್ದು ಅಟ್ಟದಲ್ಲಿ ನಿಮಗೆ ಸಿಗದ ಮೂರನೆಯ ಯಂತ್ರ, ರಿಲೇ: ಸಣ್ಣ ಕರೆಂಟಿನಿಂದ ಇನ್ನೊಂದು ಸರ್ಕ್ಯೂಟನ್ನು ಮುಚ್ಚುವ ಸ್ವಿಚ್ಚು.

ಭಾರತದಲ್ಲಿ ಈ ಕೆಲಸ ಶುರುವಾದದ್ದು 1839ರಲ್ಲಿ. ಕೋಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾಗ್ನೆಸಿ, ಅಲ್ಲಿನ ಸಸ್ಯೋದ್ಯಾನದಲ್ಲಿ ಬಿದಿರು ನೆಟ್ಟು ಮೈಲಿಗಟ್ಟಲೆ ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರು. ಹೂಗ್ಲಿ ನದಿಯ ನೀರನ್ನೇ ಸರ್ಕ್ಯೂಟಿನ ಒಂದು ಭಾಗವಾಗಿ ಬಳಸಿ ನೋಡಿದರು. ಸಂಕೇತ ಓದುತ್ತಿದ್ದುದು ಬೆರಳಿಗೆ ತಗಲುವ ಶಾಕಿನಿಂದ! 1851ರಲ್ಲಿ ಕೋಲ್ಕತ್ತ–ಡೈಮಂಡ್ ಹಾರ್ಬರ್ ಲೈನು ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ತೆರೆಯಿತು. 1853ರ ನವೆಂಬರಿನಲ್ಲಿ ದೇಶದುದ್ದಕ್ಕೂ ಲೈನು ಎಳೆಯುವ ಕೆಲಸ ಶುರುವಾಯಿತು. ಅದರಲ್ಲಿ ಬೆಂಗಳೂರೂ ಊಟಿಯೂ ಸೇರಿದ್ದವು. ಸಾರ್ವಜನಿಕರಿಗೆ ತೆರೆದ ಹೊಸತರಲ್ಲಿ ದರ, ವಿಳಾಸವೂ ಸೇರಿ 16 ಪದಕ್ಕೆ ಪ್ರತಿ 400 ಮೈಲಿಗೆ ಒಂದು ರೂಪಾಯಿ. ಆ ಕಾಲದ ಒಂದು ರೂಪಾಯಿ ಕೂಲಿಯವನ ಹಲವು ದಿನಗಳ ದುಡಿಮೆ. ತಂತಿ ಬಂತೆಂದರೆ ಮನೆಮಂದಿ ಗಾಬರಿ ಬೀಳುತ್ತಿದ್ದುದರ ಬೇರು ಇಲ್ಲಿದೆ. ಅಷ್ಟು ದುಡ್ಡು ಸುರಿದು ಯಾರೂ ಕ್ಷೇಮಸಮಾಚಾರ ಕಳಿಸುತ್ತಿರಲಿಲ್ಲ.

ಈಗ ಲೆಕ್ಕ ನೋಡಿ. ಸುಮಾರು 4.3 ಮಿಲಿಮೀಟರ್ ದಪ್ಪದ ಕಬ್ಬಿಣದ ಲೈನು ತಂತಿಗೆ ಕಿಲೋಮೀಟರಿಗೆ 8.3 ಓಮ್ ಆಸುಪಾಸಿನ ಪ್ರತಿರೋಧ. ನೂರು ಕಿಲೋಮೀಟರಿಗೆ 830. ಒಂದೊಂದು ವೋಲ್ಟಿಗೆ ತುಸು ಮೇಲಿರುವ 20 ಸೆಲ್ ಜೋಡಿಸಿದರೆ 21.6 ವೋಲ್ಟ್. ಸೆಲ್ಲುಗಳ ಒಳಗಿನ ಪ್ರತಿರೋಧಕ್ಕೆ 200 ಓಮ್, ಆ ತುದಿಯ ಉಪಕರಣಕ್ಕೆ 300 ಓಮ್ ಅಂತಿಟ್ಟುಕೊಳ್ಳಿ. ಒಟ್ಟು 1330 ಓಮಿನಲ್ಲಿ ಹರಿಯುವುದು 16 ಮಿಲಿಆಂಪ್. ನಿಮ್ಮ 20 ಓಮಿನ ಸೌಂಡರಿಗೆ ನೂರು ಬೇಕು. ಬ್ಯಾಟರಿಯನ್ನೇ ಆರೇಳು ಪಟ್ಟು ಮಾಡೋಣ ಅಂದರೆ ಸೆಲ್ಲುಗಳ ಒಳಪ್ರತಿರೋಧವೂ ಅಷ್ಟೇ ಪಟ್ಟು ಏರುತ್ತದೆ, ಆಮೇಲೆ ಹೇಳುವ ಸೋರಿಕೆಯೂ ಏರುತ್ತದೆ. ದೂರವನ್ನು ಬಲದಿಂದ ಗೆಲ್ಲಲು ಹೊರಟವರು ಸೋತದ್ದು ಇಲ್ಲೇ. ಗೆದ್ದ ಉಪಾಯ ಬೇರೆ: ಬಂದ ಹದಿನಾರೋ ಹತ್ತೋ ಮಿಲಿಆಂಪಿನಿಂದ ಸದ್ದು ಮಾಡಿಸಲೇಬೇಡಿ, ಒಂದು ಹಗುರ ನಾಲಗೆಯನ್ನು ಕೂದಲೆಳೆಯಷ್ಟು ಸರಿಸಿ ಸಾಕು. ಆ ನಾಲಗೆ ಇನ್ನೊಂದು ಬಿಂದುವಿಗೆ ತಗುಲಿ, ಮೇಜಿನ ಕೆಳಗಿನ ಸ್ಥಳೀಯ ಬ್ಯಾಟರಿಯ ಸರ್ಕ್ಯೂಟು ಮುಚ್ಚುತ್ತದೆ. ಸೌಂಡರ್ ಆ ಬ್ಯಾಟರಿಯಿಂದ ಜೋರಾಗಿ ಬಡಿಯುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1835ರ ಹೊತ್ತಿಗೇ ಈ ತತ್ವ ತೋರಿಸಿದ್ದರು. ಲೈನಿನ ಕೆಲಸ ಶಕ್ತಿ ತರುವುದಲ್ಲ, ಅಪ್ಪಣೆ ತರುವುದು.

ಇದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. 390 ಓಮಿನ ಎರಡು ರೆಸಿಸ್ಟರ್ ಸಾಲಾಗಿ ಜೋಡಿಸಿ. ಅದು ನಿಮ್ಮ 94 ಕಿಲೋಮೀಟರ್ ಲೈನು. 12 ವೋಲ್ಟ್, ಕೀ, ಈ ರೆಸಿಸ್ಟರುಗಳು, ಕೊನೆಗೆ ನೇರವಾಗಿ ಸೌಂಡರ್. ಒತ್ತಿ ನೋಡಿ. ಬರುವುದು 15 ಮಿಲಿಆಂಪ್. 20 ಓಮಿನ ಸೌಂಡರ್ ಅಲುಗುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ, 5 ವೋಲ್ಟಿನ 500 ಓಮ್ ಸುರುಳಿಯ ರೀಡ್ ರಿಲೇಯನ್ನು ಸೌಂಡರಿನ ಜಾಗಕ್ಕೆ ಹಾಕಿ. ಸೌಂಡರನ್ನು ಅದರ ಸಂಪರ್ಕ ಬಿಂದುಗಳ ಮೂಲಕ ಎರಡು ಟಾರ್ಚ್ ಸೆಲ್ಲಿಗೆ ಸೇರಿಸಿ, ಮೇಲೆ ಹೇಳಿದ ಸಮಾನಾಂತರ ರೆಸಿಸ್ಟರ್ ಮರೆಯಬೇಡಿ, ಇಲ್ಲದಿದ್ದರೆ ರೀಡಿನ ಬಿಂದುಗಳು ಕಿಡಿಗೆ ಬೆಸೆದುಕೊಳ್ಳುತ್ತವೆ. ಈ ಸಲ ಲೈನಿನಲ್ಲಿ ಹರಿಯುವುದು 9 ಮಿಲಿಆಂಪ್ ಚಿಲ್ಲರೆ, ಮೊದಲಿಗಿಂತಲೂ ಕಡಿಮೆ. ಆದರೂ ಸೌಂಡರ್ ಕೋಣೆ ತುಂಬ ಕೇಳುವಂತೆ ಬಡಿಯುತ್ತದೆ.

ಅದೇ ಮೇಜಿನ ಮೇಲೆ ಮಳೆಗಾಲವನ್ನೂ, ಅಂದರೆ ತೊಯ್ದ ಕಂಬಗಳಿಂದ ಕರೆಂಟು ನೆಲಕ್ಕೆ ಸೋರುವುದನ್ನೂ ತರಬಹುದು. ಎರಡು 390ರ ನಡುವಿನ ಜೋಡಣೆಯಿಂದ, ಬ್ಯಾಟರಿಗೆ ಹಿಂತಿರುಗುವ ವಾಪಸು ತಂತಿಗೆ 470 ಓಮಿನ ರೆಸಿಸ್ಟರ್ ಸೇರಿಸಿ. ರಿಲೇಗೆ ಮುಟ್ಟುವುದು 6 ಮಿಲಿಆಂಪಿಗೂ ಕಡಿಮೆ. ಇಂಥ ರಿಲೇ ಎಳೆಯಲು ಏಳರ ಆಸುಪಾಸು ಬೇಕಾದ್ದರಿಂದ ಸದ್ದು ನಿಲ್ಲುತ್ತದೆ. ಈಗ 18 ವೋಲ್ಟ್ ಕೊಡಿ, ಮತ್ತೆ ಶುರು. ಅಂದರೆ ಅರ್ಧದಷ್ಟು ಬ್ಯಾಟರಿ ಹೆಚ್ಚು ಖರ್ಚು ಮಾಡಿ, ಅದರ ಬಹುಪಾಲನ್ನು ನೆಲಕ್ಕೆ ಸುರಿದ ಹಾಗೆ.

ನಿಜವಾದ ಲೈನಿನಲ್ಲಿ ಈ ಸೋರಿಕೆ ಒಂದು ಕಡೆ ಇರುತ್ತಿರಲಿಲ್ಲ, ಪ್ರತಿ ಕಂಬದಲ್ಲೂ ಚೂರು ಚೂರು. ಕಿಲೋಮೀಟರಿಗೆ 16 ಕಂಬದಂತೆ ನೂರು ಕಿಲೋಮೀಟರಿಗೆ 1600. ತಂತಿ ಕಂಬಕ್ಕೆ ತಗುಲದಂತೆ ಹಿಡಿದಿಡುವ, ನೆನೆದು ಕೊಳೆಯಾದ ಒಂದೊಂದು ಪಿಂಗಾಣಿ ಬುಡ್ಡೆಯ ಮೇಲಿಂದ ಸೋರುವ ದಾರಿ ಹತ್ತು ಲಕ್ಷ ಓಮ್ ಇದ್ದರೂ, ಅದು ಕೇಳಲು ದೊಡ್ಡ ಸಂಖ್ಯೆ, 1600 ದಾರಿ ಸೇರಿದರೆ 625 ಓಮ್. ಲೈನಿನ ಸ್ವಂತ ಪ್ರತಿರೋಧಕ್ಕಿಂತಲೂ ಕಡಿಮೆ! ಪಿಂಗಾಣಿಯನ್ನು ಗಂಟೆಯಾಕಾರದಲ್ಲಿ, ಒಳಗೊಂದು ಹೊರಗೊಂದು ಲಂಗದಂತೆ ಎರಡು ಪದರ ಮಾಡಿದ್ದು ಇದಕ್ಕೇ: ಹೊರಮೈ ತೊಯ್ದರೂ ಒಳಲಂಗದ ಅಡಿ ಒಣಗಿರಲಿ ಎಂದು. ಆ ಒಣ ಜಾಗವನ್ನೇ ಹುಡುಕಿಕೊಂಡು ಜೇಡ ಬಲೆ ನೇಯುತ್ತದೆ, ಬಲೆಯ ಮೇಲೆ ಇಬ್ಬನಿ ಕೂರುತ್ತದೆ, ಸೋರಿಕೆ ಶುರುವಾಗುತ್ತದೆ. ಹಾಗಾಗಿ ಬುಡ್ಡೆ ಒರೆಸುವುದು ಲೈನ್‌ಮನ್ನನ ಮುಖ್ಯ ಕೆಲಸಗಳಲ್ಲಿ ಒಂದು.

ಕಂಬದ್ದೇ ಇನ್ನೊಂದು ಕಥೆ. ಮರದ ಕಂಬಕ್ಕೆ ಗೆದ್ದಲು, ತೆಳು ತಂತಿಗೆ ಮಂಗ ಮತ್ತು ಹದ್ದು. ಓಶಾಗ್ನೆಸಿ ಮೊದಲ ಲೈನುಗಳಿಗೆ ತಂತಿಯ ಬದಲು ಬೆರಳು ದಪ್ಪದ ಕಬ್ಬಿಣದ ಸರಳನ್ನೇ ಬಳಸಿದ್ದು ಮಂಗ ಜೋತುಬಿದ್ದರೂ ತುಂಡಾಗದಿರಲಿ ಎಂದು. ದಕ್ಷಿಣದ ಬಯಲುಸೀಮೆಯಲ್ಲಿ ಕೆಲವೆಡೆ ಗ್ರಾನೈಟ್ ಕಂಬಗಳನ್ನೇ ನೆಟ್ಟರು. ಹೊಲದ ಬೇಲಿಗೂ ದನದ ಕೊಟ್ಟಿಗೆಗೂ ಕಲ್ಲುಕಂಬ ಸೀಳಿ ನಿಲ್ಲಿಸುವ ಸೀಮೆಯಲ್ಲಿ ಅದು ಸಹಜ, ಗೆದ್ದಲಿಗೂ ಸಿಗದು.

ಸೆಲ್ಲುಗಳ ಬಗ್ಗೆ ಒಂದು ಮಾತು, ಯಾಕೆಂದರೆ ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತಿರುವ ಸಾಮಗ್ರಿ. ಭಾರತದ ತಂತಿ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ಮಿನೊಟ್ಟೊ ಸೆಲ್. ಜಾಡಿಯ ತಳದಲ್ಲಿ ತಾಮ್ರದ ತಟ್ಟೆ, ಅದರಿಂದ ಮೇಲಕ್ಕೆ ರಬ್ಬರಿನಂಥ ಗಟ್ಟಾಪರ್ಚಾ ಸುತ್ತಿದ ತಂತಿ. ತಟ್ಟೆಯ ಮೇಲೆ ಮೈಲುತುತ್ತದ ಹರಳು, ಹೌದು, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ. ಅದರ ಮೇಲೆ ಒಂದು ಬಟ್ಟೆ, ಮೇಲೆ ತೊಳೆದ ಮರಳು ಅಥವಾ ಮರದ ಹೊಟ್ಟು, ಎಲ್ಲದರ ಮೇಲೆ ಸತುವಿನ ಬಿಲ್ಲೆ, ನೆನೆಯುವಷ್ಟು ನೀರು. ಒಂದಕ್ಕೆ 1.08 ವೋಲ್ಟ್. ಮರಳು ಒಣಗಿದರೆ ಒಳಪ್ರತಿರೋಧ ಏರಿ ಸೆಲ್ ಸತ್ತ ಹಾಗಾಗುತ್ತದೆ, ನೀರು ಹಾಕಿದರೆ ಬದುಕುತ್ತದೆ. ವಿಚಿತ್ರವೆಂದರೆ ಇದು ಸುಮ್ಮನಿಟ್ಟರೆ ಕೆಡುತ್ತದೆ, ದುಡಿಸಿದರೆ ಬಾಳುತ್ತದೆ. ಕರೆಂಟು ಹರಿಯದಿದ್ದಾಗ ನೀಲಿ ದ್ರಾವಣ ಮೆಲ್ಲಗೆ ಮೇಲೇರಿ ಸತುವಿನ ಮೇಲೆ ತಾಮ್ರದ ಕಪ್ಪು ಮಸಿ ಕಟ್ಟುತ್ತದೆ. ನೀವು ಮಾಡಿ ನೋಡುವುದಾದರೆ ಹಳೆಯ ಗಾಜಿನ ಜಾಡಿ ಬಳಸಿ, ಆಮೇಲೆ ಆ ಜಾಡಿ ಅಡುಗೆಮನೆಗೆ ವಾಪಸು ಹೋಗಬಾರದು. ಮೈಲುತುತ್ತ ವಿಷ.

ವಾಪಸು ತಂತಿ ಅಂದೆ. ನಿಜದ ಲೈನಿಗೆ ಅದು ಇರಲಿಲ್ಲ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ಎರಡನೇ ತಂತಿಯ ಬದಲು ಭೂಮಿಯನ್ನೇ ಬಳಸಬಹುದು ಎಂದು ತೋರಿಸಿಕೊಟ್ಟ ಮೇಲೆ, ಎರಡೂ ತುದಿಯಲ್ಲಿ ಒಂದೊಂದು ಲೋಹದ ತಟ್ಟೆಯನ್ನು ತೇವದ ನೆಲದಲ್ಲಿ ಹೂಳುತ್ತಿದ್ದರು. ಬೇಸಿಗೆಯಲ್ಲಿ ನೆಲ ಒಣಗಿದರೆ ಭೂಮಿಯ ಸಂಪರ್ಕ ಕೆಟ್ಟು ಲೈನೇ ಕೆಟ್ಟಂತೆ ಕಾಣುತ್ತಿತ್ತು, ಔಷಧ ಕೆಲವು ಕೊಡ ನೀರು. ಮಳೆಗಾಲದಲ್ಲಿ ಮೇಲೆ ಒಣಗಿರಬೇಕಾದ್ದು ತೊಯ್ಯುತ್ತದೆ, ಬೇಸಿಗೆಯಲ್ಲಿ ಕೆಳಗೆ ತೊಯ್ದಿರಬೇಕಾದ್ದು ಒಣಗುತ್ತದೆ.

ಬೆಂಗಳೂರು–ಮುಂಬೈನಷ್ಟು ದೂರವನ್ನು ಮೊದಮೊದಲು ಒಂದೇ ಏಟಿಗೆ ದಾಟುತ್ತಿರಲಿಲ್ಲ. ನಡುವಿನ ಕಚೇರಿಯಲ್ಲಿ ಒಬ್ಬರು ಕೇಳಿ, ಬರೆದು, ಮುಂದಿನ ಲೈನಿಗೆ ಮತ್ತೆ ಬಡಿಯುತ್ತಿದ್ದರು. ಹಾಗಾಗಿ ತಪ್ಪು ನುಸುಳಲು ಪ್ರತಿ ನಿಲುಗಡೆಯೂ ಒಂದು ಕಿಂಡಿ. ಅದಕ್ಕೆ ಇದ್ದ ಕಾವಲು ಪದಗಳ ಎಣಿಕೆ. ಸಂದೇಶಕ್ಕಿಂತ ಮೊದಲು ಹೊರಟ ಕಚೇರಿ, ಸಮಯ, ಒಟ್ಟು ಪದ ಎಷ್ಟು ಎಂದು ಕಳಿಸುತ್ತಿದ್ದರು. ಕೇಳಿದವರು ಬರೆದ ಮೇಲೆ ಎಣಿಸಬೇಕು. ಹನ್ನೆರಡು ಅಂದಿದ್ದು ಹನ್ನೊಂದಾದರೆ ಸಹಿ ಹಾಕುವಂತಿಲ್ಲ, ಮತ್ತೆ ಕೇಳಬೇಕು. ಅಂಕಿಗಳನ್ನು ವಾಪಸು ಹೇಳಿ ತಾಳೆ ನೋಡುತ್ತಿದ್ದರು. ಬಡಿಯುವಾಗಲೇ ತಪ್ಪಿದರೆ ಎಂಟು ಚುಕ್ಕಿ: ಹಿಂದಿನದು ಅಳಿಸಿ ಎಂದರ್ಥ. ಇಂದು ಕಂಪ್ಯೂಟರುಗಳು ಪ್ರತಿ ಕಂತು ದತ್ತಾಂಶದ ಜತೆ ಕಳಿಸುವ ತಾಳೆ ಸಂಖ್ಯೆಯ ಹಿಂದಿರುವುದೂ ಇದೇ ವಿವೇಕ. 2013ರ ಜುಲೈ 14ರಂದು ಈ ಸೇವೆ ನಿಲ್ಲುವ ಹೊತ್ತಿಗೆ ಸೌಂಡರೂ ಕೀಯೂ ಮೂಲೆ ಸೇರಿ ಬಹಳ ಕಾಲವಾಗಿತ್ತು, ಆದರೆ ಪದ ಎಣಿಸಿಯೇ ದುಡ್ಡು ಕಟ್ಟುವ ಕ್ರಮ ಕೊನೆಯವರೆಗೂ ಇತ್ತು.

ಇನ್ನು ಕನ್ನಡ. ಮೋರ್ಸ್ ಪಟ್ಟಿಯಲ್ಲಿದ್ದುದು ರೋಮನ್ ಅಕ್ಷರ. ಕನ್ನಡದಲ್ಲಿ ಹೇಳಬೇಕೆಂದರೆ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊಡಬೇಕಿತ್ತು. ಅಲ್ಲಿ ಲ ಮತ್ತು ಳ ಒಂದೇ, ಹ್ರಸ್ವ ದೀರ್ಘ ಒಂದೇ. ಎಂ, ಎ, ಎಲ್, ಇ ಎಂಬ ನಾಲ್ಕು ಅಕ್ಷರ ಬಂದರೆ ಅದು ಮಳೆಯೋ, ಮಲೆಯೋ, ಮಾಲೆಯೋ? ಕೊಟ್ಟವರಿಗೂ ಪಡೆದವರಿಗೂ ಸಂದರ್ಭ ಗೊತ್ತಿದ್ದರೆ ಮಾತ್ರ ಅರ್ಥ. ನಡುವಿನ ಕಚೇರಿಯಲ್ಲಿ ಕನ್ನಡ ಬಾರದ ಗುಮಾಸ್ತನಿಗೆ ಅದು ಬರೀ ಅಕ್ಷರಗಳ ಸಾಲು. ಒಂದು ಅಕ್ಷರ ತಪ್ಪಿದರೆ ತಿದ್ದಿಕೊಳ್ಳಲು ಅವನಿಗೆ ದಾರಿಯೇ ಇಲ್ಲ. ಇಂಗ್ಲಿಷ್ ಬಾರದ ಮನೆಗಳೂ ನಾಲ್ಕಕ್ಷರ ಬಲ್ಲವರನ್ನು ಹಿಡಿದು ಇಂಗ್ಲಿಷಿನಲ್ಲೇ ತಂತಿ ಬರೆಸುತ್ತಿದ್ದುದಕ್ಕೆ, ಬಂದ ತಂತಿ ಓದಿಸಲು ಮೇಷ್ಟ್ರ ಮನೆಗೆ ಓಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ನಿಮ್ಮ ಮನೆಯ ಲೈನಿಗೆ ಆ ಕಟ್ಟುಪಾಡಿಲ್ಲ. ದೀರ್ಘಕ್ಕೆ ಸ್ವರವನ್ನು ಎರಡು ಸಲ ಬಡಿಯಿರಿ. ಆಗ ಮಾಲೆ ಎಂದರೆ ಎಂ, ಎ, ಎ, ಎಲ್, ಇ: ಎರಡು ಗೆರೆ, ಚುಕ್ಕಿ ಗೆರೆ, ಚುಕ್ಕಿ ಗೆರೆ, ಚುಕ್ಕಿ ಗೆರೆ ಚುಕ್ಕಿ ಚುಕ್ಕಿ, ಒಂದು ಚುಕ್ಕಿ. ಒಂದು ಅಕ್ಷರದ ಒಳಗಿನ ತುಣುಕುಗಳ ನಡುವೆ ಒಂದು ಚುಕ್ಕಿಯಷ್ಟು ಬಿಡುವು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಕಲಿಯುವಾಗ ಚುಕ್ಕಿ ಗೆರೆಗಳನ್ನು ಕಾಗದದಲ್ಲಿ ನೋಡಿ ಬಾಯಿಪಾಠ ಮಾಡಬೇಡಿ. ಕಣ್ಣಿಂದ ಕಲಿತದ್ದನ್ನು ಕಿವಿಗೆ ದಾಟಿಸಲು ಆಮೇಲೆ ಎರಡರಷ್ಟು ಕಷ್ಟ. ಮೊದಲ ವಾರ ಇ ಮತ್ತು ಟಿ ಎರಡನ್ನೇ ಒಬ್ಬರು ಬಡಿದು ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ಕೇಳಿ. ಟಿಕ್ ಮತ್ತು ಟಕ್ ನಡುವಿನ ಆ ಬಿಡುವು ಕಿವಿಗೆ ಹಿಡಿದ ಮೇಲೆ ಮೂರನೆಯ ಅಕ್ಷರಕ್ಕೆ ಹೋಗಿ.